ಮಾಳಿಗೆಯ ಬಿಸಿಲಿಗೆ ಪಾಳಿ

ಅವತ್ತು ಮಾಳಿಗೆಯ ಮೇಲೆ ನಾವು ಐದು ಜನ ಇದ್ದೆವು. ಸಾಬೂದಾಣಿ ಗಂಜಿಯ ಬೋಗಾಣಿ ಮುಂದಿಟ್ಟುಕೊಂಡು, ಸೆರಗನ್ನು ತಲೆ ತುಂಬ ಹೊದ್ದು ಕೂತಿದ್ದ ನಮ್ಮ ದೊಡ್ಡವ್ವ. ಅವಳ ಎದುರಿಗೆ, ಹಾಸಿದ ಹಳೇ ಧೋತರದ ಇನ್ನೊಂದು ತುದಿಯಲ್ಲಿ, ಹಿಂದಿನ ಮನೆಯ ಖಾಲಾ. ಆಕೆಯ ತಂಗಿಯ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ಇಡೀ ಓಣಿಗೇ ಆಕೆ ಖಾಲಾ ಆಗಿದ್ದಳು. ಗೋಡೆಯ ಗೇಣುದ್ದ ನೆರಳಿಗೆ ಬೆನ್ನು ಅಂಟಿಸಿ, ತೆಲುಗು ಪೇಪರು ಹಿಡಿದು ನಿಂತಿದ್ದ ದೊಡ್ಡಪ್ಪ. ಕಾಗೆ ಓಡಿಸಲು ಕೋಲು ಹಿಡಿದ ನಾನು. ಐದನೆಯವನು ಕರೆಂಟ್ ಆಫೀಸಿನಿಂದ ಬಂದಿದ್ದ ಇಂಜಿನಿಯರ್. ಗದ್ವಾಲ ಕಡೆಯವನು, ತಾಯಿಯ ತವರು ರಾಯಚೂರು ಸೀಮೆ; ಹಾಗಾಗಿ ಅವನ ಬಾಯಲ್ಲಿ ಒಂದು ಮಾತು ತೆಲುಗು, ಒಂದು ಮಾತು ಕನ್ನಡ. ಟೇಪು ಹಿಡಿದು ಮಾಳಿಗೆಯ ಉದ್ದಗಲ ಅಳೆದ, ಸೊಂಟಕ್ಕೆ ಕೈ ಕೊಟ್ಟು ಸುತ್ತ ನೋಡಿದ, ಖುಷಿಯಾಗಿ ಅಂದ:

"ಪೆದ್ದಮ್ಮಾ, ಮಿದ್ದೆ ಅಂತಾ ಖಾಳೀಗಾನೇ ಉಂದಿ ಕದಾ! ಮಾಳಿಗಿ ಪೂರಾ ಖಾಲಿ! ಇಷ್ಟು ಬಿಸಲು ಸುಮ್ಮನ ಬಿದ್ದು ಹೋಗಾಕತ್ತೈತಿ."

ದೊಡ್ಡವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಖಾಲಿ ಅಂದೇನಪಾ? ನಿನ್ನ ಕಾಲಬುಡಕ ನೋಡಿಕೋ. ಖಾಲಾನ ಮಗಳ ಮದುವಿ ಸಂಡಿಗಿ ಮ್ಯಾಲ ನಿಂತು ಖಾಲಿ ಅಂತಿ."

ಇಂಜಿನಿಯರ್ ಎಗರಿ ಹಿಂದೆ ಸರಿದ. ಅವನ ಬೂಟಿನ ಅಂಗಾಲಿಗೆ ಎರಡು ಹಸಿ ಸಂಡಿಗೆ ಅಂಟಿಕೊಂಡಿದ್ದವು. ಖಾಲಾ ಬಾಯಿಗೆ ಸೆರಗು ಒತ್ತಿಕೊಂಡು, "ನಕ್ಕೋ ಅಕ್ಕಾ, ಬೈಬ್ಯಾಡ. ಮದುವಿಗೆ ಬರೋ ಊಟ ಈಗೇ ತಗೊಂಡಾನ, ಹೋಗಲಿ ಬಿಡು" ಅಂದಳು.

ಇಲ್ಲಿ ಸ್ವಲ್ಪ ನಮ್ಮ ಓಣಿಯ ಸಂಗತಿ ಹೇಳಬೇಕು. ತೆಲುಗು ಸೀಮೆಯ ಗಡಿಯಲ್ಲಿರುವ ಮಕ್ತಲದ ಹಳೇ ಓಣಿ ನಮ್ಮದು. ಒಂದು ಕಡೆ ದೊಡ್ಡ ಬೇವಿನ ಮರ, ಇನ್ನೊಂದು ಕಡೆ ಈಚೆಗೆ ಎದ್ದ ಮಹಡಿ ಮನೆಗಳು. ಹೀಗಾಗಿ ಬೇರೆ ಮನೆಗಳ ಮೇಲೆ ಬಿಸಿಲು ತುಸು ಹೊತ್ತು ಬಂದು, ನೆಂಟರ ಹಾಗೆ ಚಹಾ ಕುಡಿದು ಹೋಗುತ್ತದೆ. ದೊಡ್ಡವ್ವನ ಮಾಳಿಗೆಯ ಮೇಲೆ ಮಾತ್ರ ಅದು ಮುಂಜಾನೆ ಬಂದರೆ ಸಂಜೆಯವರೆಗೆ ಏಳುವುದಿಲ್ಲ. ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟಿನ ಸ್ಲ್ಯಾಬ್ ಹಾಕಿಸಿ ಎಷ್ಟೋ ಕಾಲವಾದರೂ ನಾವು ಅದನ್ನು ಮಾಳಿಗೆ ಅಂತಲೇ ಕರೆಯುತ್ತೇವೆ. ಶಿವರಾತ್ರಿ ಕಳೆದು ಬಿಸಿಲು ಬಲಿಯಿತೆಂದರೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ದೊಡ್ಡವ್ವನ ಕಟ್ಟೆಗೆ ಬಂದು, "ನಮ್ಮದು ಯಾವತ್ತು ಅಕ್ಕಾ?" ಅಂತ ಕೇಳುತ್ತಾರೆ. ಇವತ್ತು ಈ ಮನೆಯ ಹಪ್ಪಳ, ನಾಳೆ ಆ ಮನೆಯ ಕುರುಡಿಗೆ, ಆಮೇಲೆ ಮೆಣಸಿನಕಾಯಿ, ಹುಣಸೆ, ಶ್ಯಾವಿಗೆ. ಅದಕ್ಕೆ ಬಿಸಲ ಪಾಳಿ ಅನ್ನುತ್ತಾರೆ. ದೊಡ್ಡವ್ವನಿಗೆ ಅದು ಅವಳ ಅತ್ತೆಯಿಂದ ಬಂದದ್ದು. ಸಾಯುವ ಮುಂಚೆ ಆ ಅತ್ತೆ ಹೇಳಿದ್ದಳಂತೆ: "ಮನಿ ನಿಮ್ಮದು, ಬಿಸಲು ಓಣಿದು. ಯಾರ ಪಾಳೀನೂ ತಪ್ಪಿಸಬ್ಯಾಡ."

ಆ ಮಾತಿನ ಮೇಲೆ ದೊಡ್ಡವ್ವ ಇಷ್ಟು ವರ್ಷ ನಡೆದುಕೊಂಡಿದ್ದಳು. ತನ್ನ ಜೊತೆ ಮಾತು ಬಿಟ್ಟ ಮನೆಗಳಿಗೂ ಪಾಳಿ ಕೊಟ್ಟಿದ್ದಳು. ಈಗ ಆ ಬಿಸಿಲು ಕೇಳಿಕೊಂಡು ಸರ್ಕಾರವೇ ಟೇಪು ಹಿಡಿದು ಮೇಲೆ ಬಂದಿತ್ತು.

ಸರ್ಕಾರವನ್ನು ಕರೆಸಿದವನು ದೊಡ್ಡಪ್ಪ. ಜೀವಮಾನವೆಲ್ಲ ನಾರಾಯಣಪೇಟೆಯ ಸೀರೆ ಮಾರಿದವನು, ಆದರೆ ಸೀರೆಗಿಂತ ಅವನಿಗೆ ಪ್ರೀತಿ ಸರ್ಕಾರಿ ಹುಕುಂಗಳ ಮೇಲೆ. ಕಲೆಕ್ಟರನ್ನು ಈಗಲೂ ಅವನಪ್ಪನ ಬಾಯಿಂದ ಕಲಿತ ಹಾಗೆ ತಾಲೂಕದಾರ್ ಸಾಹೇಬ್ರು ಅನ್ನುತ್ತಾನೆ. ಓಣಿಯಲ್ಲಿ ಮೈಕು ಕಟ್ಟಿದ ಗಾಡಿ ಬಂದು ತೆಲುಗಿನಲ್ಲೂ ಉರ್ದುವಿನಲ್ಲೂ ಸಾರಿ ಹೋಗಿತ್ತು: ಮನೆ ಮನೆಯ ಮೇಲೆ ಸೂರ್ಯನ ಕರೆಂಟು ಹುಟ್ಟಿಸಿರಿ, ಸೋಲಾರ್ ಹಲಗೆ ಹಾಕಿಸುವ ಖರ್ಚಿನಲ್ಲಿ ಸರ್ಕಾರ ಪಾಲು ಕೊಡುತ್ತದೆ, ಮನೆಗೆ ಬೇಕಾದಷ್ಟು ಬಳಸಿ ಉಳಿದದ್ದನ್ನು ಕಂಬದ ತಂತಿಗೆ ಬಿಡಿರಿ, ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ದೊಡ್ಡಪ್ಪ ಅಂದೇ ಹೋಗಿ ಹೆಸರು ಕೊಟ್ಟು ಬಂದ. ದೊಡ್ಡವ್ವನನ್ನು ಕೇಳಿರಲಿಲ್ಲ. ಕೇಳುವ ಬದಲು ದಿನಾ ಮುಂಜಾನೆ ಪೇಪರಿನಲ್ಲಿ ಆ ಸುದ್ದಿ ಬಂದಾಗೆಲ್ಲ ಗಟ್ಟಿಯಾಗಿ ಓದಿ, ಕನ್ನಡಕ್ಕೆ ತಿರುವಿ ಹೇಳುತ್ತಿದ್ದ. ಅವತ್ತೂ ಇಂಜಿನಿಯರನ ಮುಂದೆ ಅದನ್ನೇ ಮಾಡಿದ.

"ಕೇಳಿಲ್ಲಿ. ಕರ್ಬನ ಉದ್ಗಾರಾಲು ತಗ್ಗಿಂಚಡಮೇ ಲಕ್ಷ್ಯಂ. ಅಂದ್ರ ಏನು? ಸರ್ಕಾರ ಉದ್ಗಾರ ಕಡಿಮಿ ಮಾಡತೈತಿ."

ದೊಡ್ಡವ್ವ ನನ್ನ ಕಡೆ ತಿರುಗಿದಳು. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು, ಮನೆಯಲ್ಲಿ ಕನ್ನಡದ ಅನುಮಾನಗಳೆಲ್ಲ ನನ್ನ ಪಾಲಿಗೆ. "ಉದ್ಗಾರ ಅಂದ್ರ ಏನವ್ವಾ?"

"ಅಯ್ಯೋ, ಅಬ್ಬಾ, ಆಹಾ ಅಂತೀವಲ್ಲ, ಅದು" ಅಂದೆ, ಮಕ್ಕಳಿಗೆ ಹೇಳುವ ಹಾಗೆ.

ದೊಡ್ಡವ್ವನ ಮುಖ ನೋಡಬೇಕಿತ್ತು. "ಅಯ್ಯೋ ಅನ್ನೋದೂ ಕಡಿಮಿ ಮಾಡಬೇಕಂತೇನ? ಮಾಳಿಗಿ ತಗೊಂತಾರ, ಮ್ಯಾಲ ಅಯ್ಯೋ ಅನಬ್ಯಾಡ ಅಂತಾರ! ಹಿಂಗ ಎಲ್ಲ್ಯಾರ ಕೇಳೀಯೇನ ಖಾಲಾ?"

"ಹೌ ಅಕ್ಕಾ, ನಮ್ಮ ಮನ್ಯಾಗ ಗಂಡ ಇದ್ದಾಗ ಅದೇ ಹುಕುಂ ಇತ್ತು" ಅಂದಳು ಖಾಲಾ.

ಇಂಜಿನಿಯರನಿಗೆ ಎರಡೂ ಭಾಷೆ ಬರುತ್ತಿದ್ದುದರಿಂದ ನಗು ಅವನಿಗೇ ಮೊದಲು ಬಂತು. ನಕ್ಕು ಸುಧಾರಿಸಿಕೊಂಡು ಬಿಡಿಸಿ ಹೇಳಿದ. ತೆಲುಗು ಪೇಪರಿನ ಉದ್ಗಾರ ಅಂದರೆ ಹೊರಗೆ ಬಿಡುವುದು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡಿದರೆ ಚಿಮಣಿಯಿಂದ ಹೊಗೆಯ ಜೊತೆ ಕಣ್ಣಿಗೆ ಕಾಣದ ಒಂದು ಗಾಳಿಯೂ ಮೇಲೆ ಹೋಗುತ್ತದೆ, ಅದು ಕೌದಿ ಹೊದಿಸಿದ ಹಾಗೆ ಭೂಮಿಯ ಕಾವನ್ನು ಒಳಗೇ ಹಿಡಿಯುತ್ತದೆ. ಸೂರ್ಯನ ಕರೆಂಟಿಗೆ ಅದಿಲ್ಲ.

"ಹೊಗಿ ಅಂತ ಹೇಳಬಾರದಾ ಮತ್ತ!" ಅಂದಳು ದೊಡ್ಡವ್ವ. ಹೊಗೆ ಅವಳಿಗೆ ಗೊತ್ತು. ಅವಳ ತವರು ಮಾಗನೂರು ಕಡೆ, ಕೃಷ್ಣಾ ದಂಡೆಗೆ ಹತ್ತಿರ. ಹೊಳೆಯಾಚೆಯ ಕರೆಂಟು ಕಾರ್ಖಾನೆಯ ದೊಡ್ಡ ಚಿಮಣಿಗಳು ಅವರ ಹೊಲದಿಂದ ಕಾಣುತ್ತವೆ. ತವರಿಗೆ ಹೋದಾಗ ಅವಳು ಆ ಹೊಗೆ ನೋಡಿ ಗಾಳಿಯ ದಿಕ್ಕು ಹೇಳುತ್ತಿದ್ದಳು, ಸಂಡಿಗೆ ಹಾಕಬೇಕೋ ಬೇಡವೋ ಅಂತ ಅತ್ತಿಗೆಯಂದಿರಿಗೆ ಅಪ್ಪಣೆ ಕೊಡುತ್ತಿದ್ದಳು. "ಆ ಹೊಗಿ ನಿಂತ್ರ ನಮ್ಮ ಅತ್ತಿಗಿಗೆ ಗಾಳಿ ಗುರ್ತು ಯಾರು ಹೇಳಬೇಕು?" ಅಂದಳು. ಆಮೇಲೆ ಸೌಟು ತಿರುವುತ್ತ ತಾನೇ ಅಂದಳು: "ಇರಲಿ, ನಿಲ್ಲಲಿ. ಬಿಸಲು ವರ್ಸಾ ವರ್ಸಾ ಹುಚ್ಚು ಹಿಡದಂಗ ಸುಡಾಕತ್ತೈತಿ, ಅದೂ ಖರೇನ. ಸಂಡಿಗಿ ಒಣಗೋ ಬದಲಿ ಬಿರಿತಾವ."

ಆದರೆ ಒಪ್ಪುವಾಗ ಕರಾರು ಹಾಕಿದಳು. ಮಾಳಿಗೆಯಲ್ಲಿ ಅರ್ಧ ಸರ್ಕಾರಕ್ಕೆ, ಅರ್ಧ ಓಣಿಗೆ. ಓಣಿಯ ಒಂದು ಮನೆಯ ಪಾಳಿ ತಪ್ಪಿದರೂ ಹಲಗೆಗಳು ಕೆಳಗಿಳಿಯಬೇಕು.

"ಆತ್ರಿ ಪೆದ್ದಮ್ಮ" ಅಂದ ಇಂಜಿನಿಯರ್. ಬೂಟಿನ ಸಂಡಿಗೆ ಕೆರೆದುಕೊಳ್ಳುತ್ತ ಕೊಟ್ಟ ಮಾತು ಅದು. ದೊಡ್ಡಪ್ಪನಂತೂ ಅವಳ ಬಾಯಿಂದ ಮಾತು ಮುಗಿಯುವ ಮೊದಲೇ ತಲೆಯಾಡಿಸಿಬಿಟ್ಟಿದ್ದ.

ಹಲಗೆಗಳು ಬಂದವು. ನೀಲಿ ಗಾಜಿನವು, ಗಿಡ್ಡ ಕಾಲಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಸಾಲಾಗಿ ಒರಗಿ ಕೂತವು. ಕೆಲಸದವರು ಇಳಿದು ಹೋದ ಮೇಲೆ ದೊಡ್ಡವ್ವ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಕೊಂಡು ಬಂದು, ಮಾಳಿಗೆಯ ನಡುವೆ ಈ ಗೋಡೆಯಿಂದ ಆ ಗೋಡೆಗೆ ಒಂದು ಗೆರೆ ಎಳೆದಳು. "ಅದು ಸರ್ಕಾರದ ಬಿಸಲು, ಇದು ನಮ್ಮ ಬಿಸಲು" ಅಂತ ಎಲ್ಲರಿಗೂ ತೋರಿಸಿದಳು. ದೊಡ್ಡಪ್ಪ ಆ ಗೆರೆಯನ್ನು ಎಷ್ಟು ಗೌರವದಿಂದ ನಡೆಸಿಕೊಂಡ ಅಂದರೆ, ದಾಟುವಾಗ ಚಪ್ಪಲಿ ಬಿಡುತ್ತಿದ್ದ.

ಅವನ ದಿನಚರಿಯೇ ಬದಲಾಯಿತು. ಅಂಗಳದ ಗೋಡೆಗೆ ಹೊಸ ಮೀಟರು ಕೂಡಿಸಿದ್ದರು. ಉಂಡ ಮೇಲೆ ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತರೆ ಕ್ರಿಕೆಟ್ ನೋಡಿದ ಹಾಗೆ. "ಇವತ್ತು ಕಂಬಕ್ಕ ಹೊಂಟೈತಿ ನೋಡು ನಮ್ಮ ಕರೆಂಟು! ಈಗ ಯಾರ ಮನ್ಯಾಗ ಫ್ಯಾನು ತಿರಗತೈತೋ!" ಬೀದಿಯಲ್ಲಿ ಹೋಗುವವರನ್ನು ಕರೆದು ತೋರಿಸುತ್ತಿದ್ದ. ಪಕ್ಕದ ಊರು ನಾರ್ವದಿಂದ ಬಂದ ನೆಂಟರಿಗೆ ನೀರು ಕೊಡುವ ಮೊದಲೇ ಮೀಟರು ತೋರಿಸಿ ದೊಡ್ಡವ್ವನಿಂದ ಬೈಸಿಕೊಂಡ.

ಪಾಳಿಯೂ ಹೇಗೋ ನಡೆಯಿತು. ಜಾಗ ಅರ್ಧವಾದ್ದರಿಂದ ಒಂದು ದಿನದಲ್ಲಿ ಆಗುವುದು ಎರಡು ದಿನ ಹಿಡಿಯುತ್ತಿತ್ತು, ಅಷ್ಟೇ. ದೊಡ್ಡವ್ವ ಬೆರಳು ಮಡಿಸುತ್ತ, ಬಿಚ್ಚುತ್ತ ಹೊಂದಿಸುತ್ತಿದ್ದಳು. ಅಷ್ಟರಲ್ಲಿ ನಡುವೆ ಮೋಡ ಕವಿದು ಬಿಸಿಲೇ ಬೀಳದ ಹಾಗಾಯಿತು. ಮೋಡ ಸರಿದಾಗ ಹಿಂದೆ ಬಿದ್ದ ಪಾಳಿಗಳು ಮುಂದಿನ ಪಾಳಿಗಳ ಮೇಲೆ ಬಂದು ಕೂತವು. ಒಂದೇ ಮುಂಜಾನೆ ಖಾಲಾ ಗಂಜಿ ಕುದಿಸಿಕೊಂಡು ಬಂದಳು. ಇತ್ತ ಎದುರು ಮನೆಯವರು ನೆನೆಹಾಕಿದ ಗೋಧಿ ರುಬ್ಬಿ, ಕುರುಡಿಗೆಯ ಹಿಟ್ಟು ಕುದಿಸಿ ತಂದರು. ಕುದಿಸಿದ ಗಂಜಿ ನಾಳೆಯವರೆಗೆ ಕಾಯುವುದಿಲ್ಲ. ಮೊದಲೆಲ್ಲ ಇಡೀ ಮಾಳಿಗೆಯಲ್ಲಿ ಎರಡು ಮನೆಯವರೂ ಹಾಸಿಕೊಳ್ಳುತ್ತಿದ್ದರು. ಈಗ ಗೆರೆಯ ಈ ಕಡೆ ಒಬ್ಬರಿಗೇ ಜಾಗ.

ನಾನು ಆಗ ಶಾಲೆಗೆ ಹೋಗಿದ್ದೆ. ಆಮೇಲೆ ಖಾಲಾ ಹೇಳಿದ್ದು: ಅಕ್ಕ ಗೆರೆಯ ಮೇಲೆ ಅತ್ತಿಂದಿತ್ತ ಓಡಾಡಿದಳು, ಖಾಲಾನ ಬೋಗಾಣಿ ನೋಡಿದಳು, ಎದುರು ಮನೆಯವಳ ಬೋಗಾಣಿ ನೋಡಿದಳು, ಕಡೆಗೆ ಬಗ್ಗಿ ನೀಲಿ ಗಾಜಿನ ಮೇಲೆ ಅಂಗೈ ಇಟ್ಟಳು. ಅವಳ ಮುಖ ಅರಳಿತಂತೆ. "ಹಂಚಿನಂಗ ಕಾದೈತಿ! ಧೂಳಿಲ್ಲ, ಇರುವಿ ಇಲ್ಲ. ಖಾಲಾ, ಹಾಸು ನಿನ್ನ ಧೋತರ."

ಮಧ್ಯಾಹ್ನ ದೊಡ್ಡಪ್ಪ ಮೀಟರಿನ ಮುಂದೆ ಕೂತ. ಮೀಟರು ಸುಮ್ಮನೆ ಕೂತಿತ್ತು. ಆಕಾಶ ನೋಡಿದ, ಸೂರ್ಯ ಇದ್ದ. ಮೀಟರು ನೋಡಿದ, ಕರೆಂಟಿಲ್ಲ. ಇಂಜಿನಿಯರನಿಗೆ ಫೋನು ಹಚ್ಚಿ, "ಸಾರ್, ಸೂರ್ಯ ಅದಾನ್ರಿ, ಕರೆಂಟು ಹೋಗೈತ್ರಿ" ಅಂದದ್ದನ್ನು ಆಗಷ್ಟೇ ಮನೆಗೆ ಬಂದ ನಾನೇ ಕೇಳಿಸಿಕೊಂಡೆ.

ಇಂಜಿನಿಯರ್ ಬಂದ. ಕೆಳಗೆ ಡಬ್ಬಿ ಬಿಚ್ಚಿ ನೋಡಿದ, ವೈರು ಎಳೆದು ನೋಡಿದ. ಎಲ್ಲ ಸರಿ ಇತ್ತು. ಮಾಳಿಗೆ ಮೆಟ್ಟಿಲು ಹತ್ತಿದ. ಹಿಂದೆ ದೊಡ್ಡಪ್ಪ, ಅವನ ಹಿಂದೆ ನಾನು. ಮೇಲಿನ ಮೆಟ್ಟಿಲಲ್ಲಿ ನಿಂತವನು ಮುಂದೆ ಹೋಗಲೊಲ್ಲ. ಹಲಗೆಗಳ ಮೇಲೆ ಉದ್ದಕ್ಕೂ ಬಿಳಿ ಧೋತರ, ಧೋತರದ ಮೇಲೆ ಸಾಲು ಸಾಲು ಚಂದ್ರನ ಹಾಗೆ ಸಂಡಿಗೆ.

"ಅಯ್ಯಯ್ಯೋ ಪೆದ್ದಮ್ಮಾ!"

ದೊಡ್ಡವ್ವ ತಲೆಯೆತ್ತದೆ ಕಾಗೆಗೆ ಕೋಲು ಬೀಸುತ್ತ ಅಂದಳು: "ಉದ್ಗಾರ ಕಡಿಮಿ ಮಾಡಪಾ. ಸರ್ಕಾರದ ಹುಕುಂ ಐತಿ."

ಅವನು ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲಲ್ಲೇ ಕುಸಿದು ಕೂತ. ದೊಡ್ಡಪ್ಪ ಧೋತರ ಎಳೆಯಲು ಹೋದರೆ ಖಾಲಾ ಅಡ್ಡ ನಿಂತಳು. "ಭಾಯಿಸಾಬ್, ಇನ್ನಾ ಹಸಿ ಅದಾವ. ಎಳದ್ರ ಮುರೀತಾವ. ನನ್ನ ಮಗಳು ಮುರಕ ಸಂಡಿಗಿ ಹೊತಗೊಂಡು ಅತ್ತಿ ಮನಿಗೆ ಹೋಗಬೇಕೇನ್ರಿ?" ಮದುವೆಯ ಮಾತು ಬಂದ ಮೇಲೆ ಸರ್ಕಾರವೂ ಸುಮ್ಮನಾಗಬೇಕು. ಸಂಡಿಗೆ ಒಣಗುವವರೆಗೆ ಕಾಯುವುದೆಂದು ತೀರ್ಮಾನವಾಯಿತು. ದೊಡ್ಡವ್ವ ಇಂಜಿನಿಯರನನ್ನು ಕೆಳಗೆ ಕರೆದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಬೈಯಲು ಬಂದವನು ಮೂರನೇ ರೊಟ್ಟಿಯ ಹೊತ್ತಿಗೆ ಅವಳ ಪಕ್ಕಕ್ಕೆ ಸರಿದು ಕೂತಿದ್ದ.

ಉಣ್ಣುತ್ತಲೇ ಹೇಳಿದ. ಹಲಗೆಗಳೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗಿರುತ್ತವೆ, ಒಂದರ ಮೇಲೆ ನೆರಳು ಬಿದ್ದರೆ ಸಾಲಿನ ಬಲವೇ ಇಳಿಯುತ್ತದೆ.

"ನಮ್ಮ ಓಣಿ ಇದ್ದಂಗ" ಅಂದಳು ದೊಡ್ಡವ್ವ. "ಒಬ್ಬಾಕಿ ಮಾರಿ ಸಣ್ಣ ಮಾಡಿದ್ಲಂದ್ರ ಎಲ್ಲಾರ ಮನ್ಯಾಗೂ ಮಬ್ಬು." ಆಮೇಲೆ ನೀರಿನ ಚೊಂಬು ಅವನ ಮುಂದೆ ಇಟ್ಟು, ಮೆಲ್ಲಗೆ ಅಂದಳು: "ಆದ್ರ ತಮ್ಮಾ, ಇವತ್ತು ಗಾಜಿನ ಮ್ಯಾಲ ಹಾಕದಿದ್ರ ಖಾಲಾನ ಪಾಳಿ ತಪ್ಪತಿತ್ತು. ನಾ ಮಾತು ಕೊಟ್ಟೀನಿ. ನೀನೂ ಕೊಟ್ಟೀದಿ. ತಗೊಂಡು ಹೋಗು ನಿನ್ನ ಹಲಗಿ."

ದೊಡ್ಡಪ್ಪನ ಕೈಯ ರೊಟ್ಟಿ ತುತ್ತು ತಾಟಿಗೆ ಮರಳಿತು. ಅಂಗಳದ ಕಡೆ, ಮೀಟರಿನ ಕಡೆ ನೋಡಿದ. ಸೀರೆ ಅಂಗಡಿ ಮುಚ್ಚಿದ ಮೇಲೆ ಅವನನ್ನು ಅಷ್ಟು ಹುರುಪಿನಲ್ಲಿ ನಾವು ಕಂಡಿದ್ದು ಆ ಒಂದು ಬೇಸಗೆಯಲ್ಲಿ. ದೊಡ್ಡವ್ವನಿಗೂ ಅದು ಗೊತ್ತಿತ್ತು, ಅದಕ್ಕೇ ಅವನ ಕಡೆ ನೋಡದೆ ಒಲೆಯ ಕಡೆ ಹೊರಳಿದಳು. ಆದರೆ ಅತ್ತೆಗೆ ಕೊಟ್ಟ ಮಾತು ದೊಡ್ಡದು.

ಆಗ ಬಾಯಿ ಹಾಕಿದವಳು ಖಾಲಾ. ಬಾಗಿಲಲ್ಲಿ ನಿಂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

"ಅಕ್ಕಾ, ಹೋದ ವರ್ಸ ನನ್ನ ಶ್ಯಾವಿಗಿ ಬಿಸಲಾಗ ಮುರದು ಪುಡಿ ಆದವು. ಆಗ ನೀ ಏನಂತ ಬೈದಿ? ಶ್ಯಾವಿಗಿಗೆ ನೆಳಲು ಬೇಕು, ಎಲ್ಲಿಂದ ತರಲಿ ಅಂದಿ. ಮೆಂತ್ಯಾ ಸೊಪ್ಪಿಗೂ ಅದೇ ಮಾತು, ಪುಂಡಿಪಲ್ಯಕ್ಕೂ ಅದೇ ಮಾತು. ಈಗ ಸರ್ಕಾರ ಮಾಳಿಗಿ ಮ್ಯಾಲ ನೆಳಲು ತಂದು ಇಟ್ಟಾರ. ಅದರ ಕಾಲು ಗಿಡ್ಡ ಐತಿ, ಕೈಯೂ ಹೋಗೂದಿಲ್ಲ. ಜರಾ ಉದ್ದ ಮಾಡಿದ್ರ ಶ್ಯಾವಿಗಿ ಕೋಲು ಅಲ್ಲೇ ಕಟ್ಟಬಹುದು. ಇತ್ತ ಕಡೆ ಬಿಸಲೆಲ್ಲಾ ಸಂಡಿಗಿಗೆ ಉಳೀತೈತಿ."

ದೊಡ್ಡವ್ವ ಇಂಜಿನಿಯರನನ್ನು ನೋಡಿದಳು. ಇಂಜಿನಿಯರ್ ಬೆರಳು ನೆಕ್ಕುವುದನ್ನು ನಿಲ್ಲಿಸಿ ಮನಸ್ಸಿನಲ್ಲೇ ಏನೋ ಅಳೆದ. "ಅವುತುಂದಿ, ಆಗತೈತಿ" ಅಂದ. "ಎತ್ತರದ ಸ್ಟ್ಯಾಂಡು ಇರ್ತಾವ್ರಿ. ನಾನ ಮೊದಲ ಕೇಳಬೇಕಿತ್ತು, ನಿಮಗ ಕೆಳಗ ಜಾಗ ಬೇಕೇನು ಅಂತ. ಗಾಳಿಗೆ ತಡಕೊಳ್ಳೋ ಹಂಗ ಬೆಸುಗಿ ಹಾಕಿಸಿಕೊಡ್ತೀನಿ."

ದೊಡ್ಡವ್ವ ಬೆರಳು ಮಡಿಸತೊಡಗಿದಳು. ಶ್ಯಾವಿಗೆಯವರು ಇಷ್ಟು, ಸೊಪ್ಪಿನವರು ಇಷ್ಟು, ಅವರೆಲ್ಲ ಅತ್ತ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಇತ್ತ. ಎರಡು ಸಲ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡಿದಳು. ನಾವೆಲ್ಲ ಅವಳ ಬೆರಳುಗಳನ್ನೇ ನೋಡುತ್ತ ಕೂತಿದ್ದೆವು. ಕಡೆಗೆ ಅವಳು ಎದ್ದು ದೊಡ್ಡಪ್ಪನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.

"ಉಣ್ರಿ ಸುಮ್ಮನ. ಬಿಸಲ ಪಾಳಿ ಇತ್ತು, ಇನ್ನ ನೆಳಲ ಪಾಳಿನೂ ಮಾಡೂಣು."

ಸಂಜೆ ಸಂಡಿಗೆ ಒಣಗಿದವು. ಇಂಜಿನಿಯರ್ ತಾನೇ ನೀರು ಹಾಕಿ ಗಾಜು ತೊಳೆದ. ಖಾಲಾ ಅವನಿಗೆ ಪೇಪರಿನಲ್ಲಿ ಒಂದಿಷ್ಟು ಸಂಡಿಗೆ ಕಟ್ಟಿಕೊಟ್ಟಳು. "ಖಾಸ್ ಸಂಡಿಗಿ ಇವು, ಕರೆಂಟಿನ ಮ್ಯಾಲ ಒಣಗಿದ್ದು" ಅಂದಳು. ಆಮೇಲೆ ಅವನು ಮಾತಿನಂತೆ ಕಾಲು ಎತ್ತರ ಮಾಡಿಸಿಕೊಟ್ಟ. ಹಲಗೆಗಳ ಕೆಳಗೆ ಆಳು ನಿಲ್ಲುವಷ್ಟು ಜಾಗವಾಯಿತು. ಮೊದಲು ಕಾಗೆ ಕಾಯಲು ಒಬ್ಬರು ಕೊಡೆ ಹಿಡಿದು ಕೂರಬೇಕಿತ್ತು. ಈಗ ಓಣಿಯ ಹೆಂಗಸರೆಲ್ಲ ಆ ನೆರಳಿಗೇ ಬಂದು ಕೂತು ಶ್ಯಾವಿಗೆ ಹೊಸೆಯುವುದು, ಮಾತು ಹೊಸೆಯುವುದು. ದೊಡ್ಡಪ್ಪ ಕೆಳಗೆ ಮೀಟರು ನೋಡಿ ಕೂಗಿ ಹೇಳುತ್ತಿದ್ದ, ಮೇಲಿಂದ ಯಾರಾದರೂ, "ಶಭಾಶ್ ಭಾಯಿಸಾಬ್" ಅನ್ನುತ್ತಿದ್ದರು. ಕೆಮ್ಮಣ್ಣಿನ ಗೆರೆ ಮಾತ್ರ ಹಾಗೇ ಇತ್ತು. ಮಾಸಿದಾಗೆಲ್ಲ ದೊಡ್ಡಪ್ಪ ದೊಡ್ಡವ್ವನಿಗೆ ನೆನಪಿಸಿ ಮತ್ತೆ ಎಳೆಸುತ್ತಿದ್ದ. ಅವನಿಗೆ ಸರಹದ್ದು ಅಂದರೆ ಸರಹದ್ದೇ.

ಇದಾದ ಮೇಲೆ, ಬೇಸಗೆಯ ಕೊನೆಗೆ, ರೋಹಿಣಿಯ ದಿನಗಳಲ್ಲಿ, ಒಂದು ಮಧ್ಯಾಹ್ನ ಯಾವ ಸುಳಿವೂ ಇಲ್ಲದೆ ಮಳೆ ಬಂತು. ಬಿಸಿಲಿನ ಕಡೆ ಮೂರು ಮನೆಗಳ ಕೊನೇ ಪಾಳಿಯ ತುಸು ತುಸು ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಹರಡಿದ್ದವು. ಧೋತರ ಮಡಿಸಲು ಹೊತ್ತಿರಲಿಲ್ಲ. ನಾವೆಲ್ಲ ನಾಲ್ಕು ಮೂಲೆ ಹಿಡಿದು ಎಳೆದುಕೊಂಡು ಹಲಗೆಗಳ ಕೆಳಗೆ ನುಗ್ಗಿದೆವು. ಎರಡು ಹಲಗೆಗಳ ನಡುವಿನ ಸಂದಿಯಿಂದ ನೀರು ಗೆರೆಯಾಗಿ ಸೋರುತ್ತಿತ್ತು, ಅದನ್ನು ಬಿಟ್ಟು ಈಚೆ ಆಚೆ ಒತ್ತಿಕೊಂಡು ಕೂತೆವು. ಖಾಲಾನ ತೊಡೆಯ ಮೇಲೆ ಮೆಣಸಿನಕಾಯಿಯ ಗಂಟು, ನನ್ನ ತೊಡೆಯ ಮೇಲೆ ಹಪ್ಪಳ. ಮಳೆ ನಿಂತಾಗ ಸಂಡಿಗೆಗಳು ಒಣಗಿದಂತೆಯೇ ಇದ್ದವು.

ಮರುದಿನ ಮುಂಜಾನೆ ದೊಡ್ಡಪ್ಪ ಮಾಳಿಗೆಗೆ ಹೋಗಿ ನೋಡಿದ. ಗೆರೆ ತೊಳೆದು ಹೋಗಿತ್ತು. ಕೆಳಗೆ ಬಂದು ಅವನೇ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿ ದೊಡ್ಡವ್ವನ ಕೈಗೆ ಕೊಟ್ಟ. ಅವಳು ಬಟ್ಟಲು ಇಸಕೊಂಡು, ಮಾಳಿಗೆ ಹತ್ತದೆ ಬಾಗಿಲಿಗೆ ಹೋಗಿ, ಅದರಲ್ಲಿ ಹೊಸ್ತಿಲು ಸಾರಿಸಿದಳು.